ಅಗಸೆಬಾಗಿಲ ಓಲಗ

“ಹುಟ್ಟಿದಾಗಿನಿಂದ ಜೊತೆಗಿದ್ದವನಿಗಿಂತ ಮೊನ್ನೆ ಬಂದವನು ಹತ್ತಿರದವನಾಗುವುದು ಹೇಗೆ, ಗುರುಗಳೇ?” ಎಂದು ಶಿಷ್ಯ ಕೇಳಿದ.

ಶಿಷ್ಯ ಗುರುವಿನ ತಂಗಿಯ ಮಗ. ತೆವಳುವ ವಯಸ್ಸಿನಿಂದ ಆ ಮಠದಲ್ಲೇ ಬೆಳೆದವನು. ಗುರುವಿಗೆ ವಯಸ್ಸಾಗಿತ್ತು. ಮುಂಜಾನೆಯ ಪಾಠವನ್ನು ಇನ್ನು ಮುಂದೆ ಬೇರೆ ಊರಿನಿಂದ ಬಂದು ಸೇರಿದ ಒಬ್ಬನು ಹೇಳಲಿ ಎಂದು ಅವರು ಹಿಂದಿನ ದಿನ ತಿಳಿಸಿದ್ದರು. ಅಂದು ಶಿಷ್ಯ ಊಟಕ್ಕೆ ಬಂದಿರಲಿಲ್ಲ.

ಗುರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕತೆ ಹೇಳಿದರು.

ಬಯಲು ಸೀಮೆಯಲ್ಲಿ ಒಂದು ಊರು. ಊರ ಸುತ್ತ ಹಿಂದೆ ಮಣ್ಣಿನ ಗೋಡೆ ಇತ್ತು. ಅದು ಮಳೆಗೆ ಕರಗಿ ಹೋಗಿ ಬಹಳ ಕಾಲವಾಗಿತ್ತು. ಕಲ್ಲಿನ ಅಗಸೆಬಾಗಿಲು ಮಾತ್ರ ಬಯಲಿನಲ್ಲಿ ಒಂಟಿಯಾಗಿ ನಿಂತಿತ್ತು. ಯಾರು ಯಾವ ಕಡೆಯಿಂದ ಬೇಕಾದರೂ ಊರೊಳಗೆ ಬರಬಹುದಿತ್ತು. ಆದರೂ ಎಲ್ಲರೂ ಆ ಬಾಗಿಲಿನಿಂದಲೇ ಬರುತ್ತಿದ್ದರು.

ಬಾಗಿಲ ಮೇಲೆ ಒಂದು ಚಿಕ್ಕ ಮಂಟಪ. ಓಲಗದ ಮನೆತನವೊಂದು ದಿನವೂ ಬೆಳಕು ಹರಿಯುವ ಮುಂಚೆ ಆ ಮಂಟಪ ಹತ್ತಿ ಕೂರುತ್ತಿತ್ತು. ಮೌರಿ ಎಂಬ ಊದುವ ಕೊಳವೆ ಮುಂದೆ, ಡೋಲು ತಾಳ ಹಿಂದೆ. ಒಂದೇ ಸ್ವರವನ್ನು ಬಿಡದೆ ಹಿಡಿದಿರುವ ಶ್ರುತಿಯ ಕೊಳವೆ ಮೂಲೆಯಲ್ಲಿ. ಅವರು ಊದಿದರೆ ಊರು ಏಳಬೇಕು. ಅದಷ್ಟೇ ಅವರ ಕೆಲಸ.

ಊರಿನವರ ಕನಸುಗಳೆಲ್ಲ ಆ ಸ್ವರದಲ್ಲೇ ಮುಗಿಯುತ್ತಿದ್ದವು. ಕನಸಿನಲ್ಲಿ ನೀರು ಸೇದುತ್ತಿದ್ದವಳಿಗೆ ಗಾಲಿಯ ಕಿರುಗುಟ್ಟುವಿಕೆ ಮೆಲ್ಲಗೆ ಮೌರಿಯಾಗುತ್ತಿತ್ತು. ಸತ್ತ ತಾಯಿಯೊಡನೆ ಮಾತಾಡುತ್ತಿದ್ದವನಿಗೆ ತಾಯಿಯ ದನಿ ತೆಳುವಾಗುತ್ತಾ ಹೋಗಿ ಮೌರಿಯಾಗುತ್ತಿತ್ತು. ಅವನು ಕಣ್ಣು ತೆರೆದಾಗ ದುಃಖವಿರುತ್ತಿರಲಿಲ್ಲ. ಎಲ್ಲೋ ಹೋಗಿ ಬಂದ ಹಾಗೆ ಇರುತ್ತಿತ್ತು.

ಈ ಕೆಲಸಕ್ಕಾಗಿ ಹಿಂದಿನ ಕಾಲದ ಒಬ್ಬ ಗೌಡ ಆ ಮನೆತನಕ್ಕೆ ಬಾಗಿಲ ಪಕ್ಕದಲ್ಲಿ ಮನೆ ಕೊಟ್ಟಿದ್ದ, ಒಂದು ಹೊಲ ಬಿಟ್ಟಿದ್ದ. ಈ ವಂಶ ಊದುವವರೆಗೆ ಹೊಲ ಈ ವಂಶದ್ದು ಎಂದು ಹೇಳಿದ್ದ. ಆ ಮಾತು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಈ ಕತೆಯ ಕಾಲಕ್ಕೆ ಎಲ್ಲರ ಮುಂದೆ ಕೂತು ಊದುವ ಮುಂದಿನ ಮೌರಿ ಪಾಲಯ್ಯ ಎಂಬ ಮುದುಕನದು. ಶ್ರುತಿ ಹಿಡಿಯುತ್ತಿದ್ದವಳು ಅವನ ಹೆಂಡತಿ ದ್ಯಾಮವ್ವ. ಅವರಿಗೆ ಮಕ್ಕಳಿರಲಿಲ್ಲ. ಪಾಲಯ್ಯನ ಬಲಕ್ಕೆ ಕೂತು ಊದುತ್ತಿದ್ದವನು ಓಬಳ. ಅವನು ತೀರಿಹೋದ ತಮ್ಮನ ಮಗ, ಇವರ ಮನೆಯಲ್ಲೇ ಬೆಳೆದವನು. ಎಡಕ್ಕೆ ಕೂತು ಊದುತ್ತಿದ್ದವನು ಕಾಟಯ್ಯ. ಡೋಲು ತಾಳಕ್ಕೆ ನೆಂಟರಿದ್ದರು.

ಕಾಟಯ್ಯ ಆ ಊರಿನವನಲ್ಲ. ಉಪ್ಪಿನ ಬಂಡಿ ಹೊಡೆಯುತ್ತಿದ್ದವನು. ಎಷ್ಟೋ ವರ್ಷಗಳ ಹಿಂದೆ ಒಂದು ಬೆಳಗಿನ ಜಾವ ಅವನ ಬಂಡಿ ಅಗಸೆಬಾಗಿಲ ಕೆಳಗೆ ಬಂದಾಗ ಮೇಲೆ ಓಲಗ ನಡೆದಿತ್ತು. ಎತ್ತುಗಳು ನಿಂತುಬಿಟ್ಟವು. ಅವುಗಳನ್ನು ಹೊಡೆಯಲು ಕಾಟಯ್ಯನಿಗೆ ಮನಸ್ಸು ಬರಲಿಲ್ಲ. ಓಲಗ ಮುಗಿಯಲಿ ಎಂದು ಕೂತ. ನಾಳೆ ಇನ್ನೊಮ್ಮೆ ಕೇಳಿ ಹೋಗೋಣ ಎಂದುಕೊಂಡ. ಉಪ್ಪನ್ನು ಅಲ್ಲೇ ಮಾರಿದ, ಪಾಲಯ್ಯನ ಹತ್ತಿರ ಊದುವುದನ್ನು ಕಲಿತ. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎನ್ನುತ್ತಲೇ ಅವನ ಗಡ್ಡ ನೆರೆಯಿತು.

ಓಬಳ ಬಹಳ ಚೆನ್ನಾಗಿ ಊದುತ್ತಿದ್ದ. ಅವನು ಊದುವುದನ್ನು ಕೇಳಲೆಂದು ಬೇರೆ ಊರುಗಳಿಂದ ಜನ ಬರುತ್ತಿದ್ದರು. ದೊಡ್ಡಪ್ಪನ ನಂತರ ಮುಂದಿನ ಮೌರಿ ತನ್ನದು ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಊರಿಗೂ ಇರಲಿಲ್ಲ.

ಒಂದು ಚಳಿಗಾಲ ಪಾಲಯ್ಯ ಎದೆ ಕಟ್ಟಿ ಹಾಸಿಗೆ ಹಿಡಿದ. ಓಬಳ ಒಂದು ದಿನ, ಕಾಟಯ್ಯ ಒಂದು ದಿನ ಮುಂದೆ ಕೂತು ಊದಿದರು. ಪಾಲಯ್ಯ ಕೆಳಗಿನ ಮನೆಯಲ್ಲಿ ಮಲಗಿ ಕೇಳಿದ. ಚಳಿ ಇಳಿದ ಮೇಲೆ ಅವನು ಮೆಲ್ಲಗೆ ಮಂಟಪ ಹತ್ತಿ ಬಂದ. ತನ್ನ ಮೌರಿಯನ್ನು ಬಟ್ಟೆಯಿಂದ ಬಿಡಿಸಿ ಒರೆಸಿ ಕಾಟಯ್ಯನ ಕೈಗೆ ಕೊಟ್ಟ.

ಕಾಟಯ್ಯ ಅದನ್ನು ಹಿಡಿದುಕೊಂಡು ಕೂತ. ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಓಬಳ ಕೇಳಿದ. “ದೊಡ್ಡಪ್ಪ, ನಾನು ಊದುವುದರಲ್ಲಿ ಏನು ತಪ್ಪು ಕಂಡೆ?”

“ತಪ್ಪು ಏನೂ ಇಲ್ಲ. ನಿನ್ನಷ್ಟು ಚೆನ್ನಾಗಿ ನಾನೂ ಊದಿದವನಲ್ಲ.”

“ಮತ್ತೆ?”

ಪಾಲಯ್ಯ ಹೇಳಿದ. “ನೀನು ಊದಿದ ದಿನ ನಾನು ಎದ್ದು ಕೂತು ಕೇಳುತ್ತಿದ್ದೆ. ಎಷ್ಟು ಚೆನ್ನಾಗಿ ಊದುತ್ತಾನೆ ನಮ್ಮ ಹುಡುಗ ಎಂದುಕೊಳ್ಳುತ್ತಿದ್ದೆ. ಇವನು ಊದಿದ ದಿನ ಹಾಗೇನೂ ಅನಿಸಲಿಲ್ಲ. ಬೆಳಗಾಗಿತ್ತು, ಅಷ್ಟೆ.”

ಈ ಮಾತು ಓಬಳನಿಗೆ ಹಿಡಿಸಲಿಲ್ಲ. ಇವರ ಮನೆಯಲ್ಲಿ ಉಂಡು ಬೆಳೆದವನು ನಾನು, ಇವರ ರಕ್ತ ನಾನು, ದಾರಿಯಲ್ಲಿ ಬಂಡಿ ನಿಲ್ಲಿಸಿದವನಿಗೆ ಮೌರಿ ಹೋಯಿತಲ್ಲ ಎಂದುಕೊಂಡ. ಕೆಲವು ದಿನ ಯಾರೊಡನೆಯೂ ಮಾತಾಡದೆ ತಿರುಗಿದ. ಕೊನೆಗೆ ಗೌಡನ ಮನೆಗೆ ಹೋಗಿ ದೂರು ಕೊಟ್ಟ. ಹೊಲ ಬಿಟ್ಟದ್ದು ವಂಶಕ್ಕೆ, ಕಾಟಯ್ಯ ಯಾವ ವಂಶದವನು ಎಂದು ಕೇಳಿದ.

ಗೌಡ ಕೆಟ್ಟವನಲ್ಲ. ಹಿರಿಯರ ಮಾತು ಉಳಿಯಬೇಕು ಎನ್ನುವವನು. ಊರಿನವರನ್ನು ಅಗಸೆಬಾಗಿಲ ಕೆಳಗೆ ಸೇರಿಸಿದ. ಪಾಲಯ್ಯನನ್ನು ಕರೆದು ಹೇಳಿದ.

“ನಿಮ್ಮ ಮನೆತನದ ಹೆಸರುಗಳನ್ನು ಹೇಳು, ಪಾಲಯ್ಯ. ಯಾರಾದ ಮೇಲೆ ಯಾರು ಅಂತ ಎಲ್ಲರ ಮುಂದೆ ಹೇಳಿಬಿಡು. ಅದರಲ್ಲಿ ಕಾಟಯ್ಯನಿಗೆ ಜಾಗ ಇದೆಯೋ ಇಲ್ಲವೋ ನೋಡೋಣ.”

ಆ ಹೆಸರುಗಳು ಊರಿಗೆ ಬಾಯಿಪಾಠವಾಗಿದ್ದವು. ಓಲಗದವರ ಮನೆಯಲ್ಲಿ ಮದುವೆಯಾದರೆ ಹಸೆಯ ಮುಂದೆ ಅವುಗಳನ್ನು ಹೇಳುತ್ತಿದ್ದರು. ಬೊಮ್ಮಯ್ಯನ ಮಗ ಮುದ್ದಯ್ಯ, ಮುದ್ದಯ್ಯನ ಮಗ ಸಿದ್ದಯ್ಯ, ಸಿದ್ದಯ್ಯನ ಮಗ ಹಿರೇಪಾಲಯ್ಯ, ಅವನ ಮಗ ಪಾಲಯ್ಯ. ಅಷ್ಟನ್ನು ಹೇಳಿ ಮನೆಗೆ ಹೋಗಬಹುದಿತ್ತು.

“ಬೊಮ್ಮಯ್ಯ” ಎಂದು ಪಾಲಯ್ಯ ಶುರುಮಾಡಿದ. ಅಲ್ಲಿಗೇ ನಿಂತ. ಊದುವ ಮುಂಚೆ ಮುಚ್ಚುವಂತೆ ಕಣ್ಣು ಮುಚ್ಚಿದ.

ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಮುಂದಿನ ಮೌರಿಯನ್ನು ಕೊಡುವವನು ಅದನ್ನು ಪಡೆಯುವವನಿಗೆ ಹಿಂದಿನವರು ಯಾರು, ಎಲ್ಲಿಂದ ಬಂದವರು ಎಂಬುದನ್ನು ಕಿವಿಯಲ್ಲಿ ಹೇಳುತ್ತಿದ್ದ. ಮತ್ತೊಬ್ಬರಿಗೆ ಹೇಳುತ್ತಿರಲಿಲ್ಲ. ಪಾಲಯ್ಯ ಅದನ್ನು ಕಾಟಯ್ಯನಿಗೆ ಹೇಳಬೇಕೆಂದಿದ್ದ. ಈಗ ಊರಿಗೆಲ್ಲ ಕೇಳುವಂತೆ ಹೇಳಿದ.

ಬೊಮ್ಮಯ್ಯ ಎಲ್ಲಿಯವನೆಂದು ಯಾರಿಗೂ ತಿಳಿಯದು. ಈ ಬಾಗಿಲನ್ನು ಕಟ್ಟುತ್ತಿದ್ದ ಕಾಲದಲ್ಲಿ ನಡೆದುಕೊಂಡು ಬಂದ. ಮೇಲಿನ ಅಡ್ಡಗಲ್ಲು ಏರುತ್ತಿರಲಿಲ್ಲ. ಹಗ್ಗ ಹಿಡಿದವರು ಒಬ್ಬೊಬ್ಬರು ಒಂದೊಂದು ಗಳಿಗೆಗೆ ಎಳೆಯುತ್ತಿದ್ದರು. ಬೊಮ್ಮಯ್ಯ ಒಂದು ಗುಂಡುಕಲ್ಲಿನ ಮೇಲೆ ಕೂತು ಮೌರಿ ಊದಿದ. ಎಳೆಯುವವರ ಉಸಿರೆಲ್ಲ ಒಂದಾಯಿತು. ಕಲ್ಲು ತನ್ನಷ್ಟಕ್ಕೆ ತೇಲಿದ ಹಾಗೆ ಮೇಲೆ ಹೋಗಿ ಕೂತಿತು. ಗೌಡ ಸಂತೋಷಪಟ್ಟು ಹೊಲ ಕೊಟ್ಟ. ಬೊಮ್ಮಯ್ಯನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ.

ಮುದ್ದಯ್ಯ ಈ ಊರಿನ ಕುಂಬಾರನ ಮಗ. ಹುಟ್ಟುಮೂಗ. ದಿನವೂ ಮಂಟಪದ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದ. ಬೊಮ್ಮಯ್ಯ ಒಂದು ದಿನ ಮೌರಿಯನ್ನು ಅವನ ಬಾಯಿಗಿಟ್ಟ. ಕುಂಬಾರಗೇರಿಯಲ್ಲಿ ಅವನ ತಾಯಿ ಮಣ್ಣಿನ ಕೈಯಲ್ಲೇ ಹೊರಗೆ ಓಡಿ ಬಂದಳು. ಇದು ನನ್ನ ಮಗನ ದನಿ ಎಂದಳು. ಅದುವರೆಗೆ ಅವಳು ಆ ದನಿಯನ್ನು ಕೇಳಿದವಳೇ ಅಲ್ಲ. ಓಲಗದಲ್ಲಿ ಮೊದಲು ಬರುವ ಉದ್ದನೆಯ ಸ್ವರ ಮುದ್ದಯ್ಯನದು. ಅವನಿಗೆ ಹೆಣ್ಣುಮಕ್ಕಳು. ಮದುವೆಯಾಗಿ ದೂರದ ಊರುಗಳಿಗೆ ಹೋದರು.

ಇಲ್ಲಿ ದ್ಯಾಮವ್ವ ಬೇಡ ಎನ್ನುವಂತೆ ಪಾಲಯ್ಯನನ್ನು ನೋಡಿದಳು. ಅವನು ಕಣ್ಣು ತೆರೆದಿರಲಿಲ್ಲ.

ಮುದ್ದಯ್ಯನ ಕಾಲದಲ್ಲಿ ಕುದುರೆಯ ಮೇಲೆ ಬಂದ ದಂಡಿನವರು ಊರಿನ ಕಣಗಳಿಗೆ ಬೆಂಕಿಯಿಟ್ಟರು. ಅಂದಿನ ಗೌಡ ಒಬ್ಬನೇ ಬಾಗಿಲಲ್ಲಿ ಅವರನ್ನು ತಡೆದು ಸತ್ತ. ಮೇಲಿದ್ದ ಮೂಗನಿಗೆ ಕೂಗಲು ಬರುವುದಿಲ್ಲ. ಮೌರಿ ಊದಿದ, ನಿಲ್ಲಿಸದೆ ಊದಿದ. ಊರು ಎದ್ದಿತು. ದಂಡಿನವರು ತಿರುಗಿ ಓಡಿದರು. ಇದಿಷ್ಟು ಊರಿಗೆ ಗೊತ್ತಿದ್ದ ಕತೆ. ಗೊತ್ತಿಲ್ಲದ್ದು ಮುಂದಿನದು. ಕಾಲು ಮುರಿದುಕೊಂಡ ಒಬ್ಬ ಸವಾರ ತೆವಳಿಕೊಂಡು ಮಂಟಪದ ಮೆಟ್ಟಿಲು ಹತ್ತಿದ್ದ. ಮುದ್ದಯ್ಯ ಅವನನ್ನು ಹುಲ್ಲಿನಲ್ಲಿ ಮುಚ್ಚಿಟ್ಟ. ಮುದ್ದಯ್ಯನ ಹೆಂಡತಿ ಇವನು ನನ್ನ ಅಣ್ಣನ ಮಗ, ಗಲಾಟೆಯಲ್ಲಿ ಸಿಕ್ಕಿಬಿದ್ದ ಎಂದು ಊರಿಗೆ ಹೇಳಿದಳು. ಅವನು ವಾಸಿಯಾದ ಮೇಲೂ ಹೋಗಲಿಲ್ಲ. ಅವನೇ ಸಿದ್ದಯ್ಯ.

“ಓಲಗದ ನಡುವೆ ಕುದುರೆಯ ಹೆಜ್ಜೆಯ ಹಾಗೆ ಒಂದು ನಡೆ ಬರುತ್ತದಲ್ಲ, ಅದು ಅವನು ತಂದದ್ದು” ಎಂದ ಪಾಲಯ್ಯ. “ನೀವು ಮಕ್ಕಳನ್ನು ಮೊಣಕಾಲ ಮೇಲೆ ಕೂರಿಸಿಕೊಂಡು ಕುಣಿಸುವುದು ಆ ನಡೆಗೇ.”

ಒಬ್ಬ ತಾಯಿ ಮೊಣಕಾಲ ಮೇಲಿದ್ದ ಮಗುವನ್ನು ಅಲುಗಾಡದಂತೆ ಹಿಡಿದುಕೊಂಡಳು.

ಪಾಲಯ್ಯ ಮುಂದುವರಿಸಿದ. ದೊಡ್ಡ ಬರಗಾಲದಲ್ಲಿ ಗುಳೆ ಹೊರಟವರು ಈ ಬಾಗಿಲ ಕೆಳಗೆ ಹಾದುಹೋಗುತ್ತಿದ್ದರು. ಒಬ್ಬಳು ಕೂಸನ್ನು ಕಟ್ಟಿಕೊಂಡು ಕಂಬಕ್ಕೆ ಒರಗಿ ಓಲಗ ಕೇಳುತ್ತಾ ಕೂತಳು. ಓಲಗ ಮುಗಿದ ಮೇಲೂ ಏಳಲಿಲ್ಲ. ಹೋಗಿ ನೋಡಿದರೆ ಅವಳಿಗೆ ಉಸಿರಿರಲಿಲ್ಲ. ಕೂಸು ಮಾತ್ರ ಮೌರಿಯನ್ನು ನೋಡಿ ಕೈ ಚಾಚಿತು. ಸಿದ್ದಯ್ಯ ಅದನ್ನು ಎತ್ತಿಕೊಂಡ. ಅದು ಹಿರೇಪಾಲಯ್ಯ.

“ಅವನು ನನ್ನ ಹೆತ್ತಪ್ಪ” ಎಂದ ಪಾಲಯ್ಯ. “ಇಷ್ಟು ತಲೆಮಾರಿನಲ್ಲಿ ಅಪ್ಪನಿಂದ ಮಗನಿಗೆ ಮೌರಿ ಬಂದದ್ದು ನನಗೊಬ್ಬನಿಗೆ. ಇವರೆಲ್ಲರಿಗಿಂತ ಸಾಧಾರಣವಾಗಿ ಊದಿದವನೂ ನಾನೇ. ಕಾಟಯ್ಯನ ಹೆಸರಿಗೆ ಇದರಲ್ಲಿ ಜಾಗ ಇದೆಯೋ ಇಲ್ಲವೋ ನೀವೇ ನೋಡಿ, ಗೌಡರೇ.”

ಬಾಗಿಲ ಕಲ್ಲುಗಳ ನಡುವೆ ಗಾಳಿ ಹೋಗಿ ಬರುವುದು ಕೇಳುತ್ತಿತ್ತು.

ಅಂದು ಬಾಗಿಲಲ್ಲಿ ಸತ್ತವನು ಈ ಗೌಡನ ವಂಶದ ಹಿರಿಯ. ಗೌಡ ಎದ್ದು ಹೋಗಿ ಬಾಗಿಲ ಕಂಬವನ್ನು ಮುಟ್ಟಿ ಬಂದ. ಆಮೇಲೆ ಹೇಳಿದ.

“ನಮ್ಮ ಹಿರಿಯನನ್ನು ಕೊಂದವರಲ್ಲಿ ಒಬ್ಬ ಊದಿದ್ದಕ್ಕೆ ನಾವು ಇಷ್ಟು ಕಾಲ ಕಣ್ಣು ಬಿಟ್ಟೆವು. ಹೊಲ ಬಿಟ್ಟದ್ದು ವಂಶಕ್ಕೆ. ವಂಶವೇ ಇಲ್ಲ ಅಂತ ನೀನೇ ಹೇಳಿದೆ. ಓಬಳನಾದರೂ ಈ ಊರಲ್ಲಿ ಹುಟ್ಟಿದ ಅಪ್ಪನ ಮಗ. ಇವತ್ತಿಗೆ ವಂಶ ಅವನಿಂದ ಶುರುವಾಗಲಿ. ಮನೆ, ಹೊಲ, ಮಂಟಪ ಅವನದು. ಕಾಟಯ್ಯ ಊರು ಬಿಡಲಿ. ನಿನ್ನನ್ನು ಹೋಗು ಅನ್ನುವುದಿಲ್ಲ, ಪಾಲಯ್ಯ. ನಿನಗೆ ವಯಸ್ಸಾಗಿದೆ.”

“ನನ್ನ ಮೌರಿ ಅವನ ಹತ್ತಿರ ಇದೆ” ಎಂದ ಪಾಲಯ್ಯ. “ಅದು ಎಲ್ಲಿ ಹೋಗುತ್ತದೋ ಅಲ್ಲಿಗೆ ನಾನೂ ಹೋಗುತ್ತೇನೆ.”

ಕಾಟಯ್ಯ ತನ್ನ ಹಳೆಯ ಬಂಡಿಗೆ ಎಣ್ಣೆ ಹಾಕಿದ. ಪಾಲಯ್ಯನನ್ನು ಎತ್ತಿ ಕೂರಿಸಿದ. ದ್ಯಾಮವ್ವ ಶ್ರುತಿಯ ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು. ಓಬಳ ಬಾಗಿಲ ಕಂಬದ ಹತ್ತಿರ ನಿಂತಿದ್ದ. ತಾನು ಕೇಳಿದ್ದು ಇದನ್ನಲ್ಲ ಎಂದು ಹೇಳಬೇಕೆಂದಿದ್ದ. ಬಂಡಿ ಅವನನ್ನು ದಾಟುವಾಗ ದ್ಯಾಮವ್ವನೇ ಮಾತಾಡಿದಳು.

“ಹಿಟ್ಟು ದೊಡ್ಡ ಮಡಕೆಯಲ್ಲಿದೆ, ಓಬಳ. ಬೆಕ್ಕಿಗೆ ಹಾಲು ಹಾಕುವುದು ಮರೆಯಬೇಡ.”

ಓಬಳ ತಲೆಯಾಡಿಸಿದ. ಬಂಡಿ ಬಿಸಿಲಿನಲ್ಲಿ ಸಣ್ಣದಾಗುತ್ತಾ ಹೋಯಿತು. ಎತ್ತಿನ ಗಂಟೆಯ ಸದ್ದು ಬಂಡಿ ಕಾಣದಾದ ಮೇಲೂ ಸ್ವಲ್ಪ ಹೊತ್ತು ಇತ್ತು.

ಮರುದಿನದಿಂದ ಓಬಳ ಮುಂದೆ ಕೂತು ಊದಿದ. ಬಹಳ ಚೆನ್ನಾಗಿ ಊದಿದ. ಜನ ಎದ್ದು ಹೊರಗೆ ಬಂದು ನಿಂತು ಕೇಳಿದರು. ಕೇಳಿ ತಲೆದೂಗಿದರು. ಕೆಲವರು ಮತ್ತೆ ಹೋಗಿ ಮಲಗಿದರು.

ಆ ದಿನಗಳಲ್ಲಿ ಊರಿನವರಿಗೆ ಏನೋ ಆಯಿತು. ಅವರ ಕನಸುಗಳು ಮುಗಿಯುತ್ತಿರಲಿಲ್ಲ. ಹೊಲದಲ್ಲಿ ಕಳೆ ಕೀಳುತ್ತಿದ್ದವಳು ಕೈ ನಿಲ್ಲಿಸಿ ದೂರ ನೋಡುತ್ತಿದ್ದಳು. ಬಾವಿಗೆ ಹೋದವನು ಯಾಕೆ ಬಂದೆ ಎಂದು ಮರೆತು ಕಟ್ಟೆಯ ಮೇಲೆ ಕೂರುತ್ತಿದ್ದ. ಯಾರೋ ಕರೆದ ಹಾಗಾಗಿ ಮಾತಿನ ನಡುವೆ ತಿರುಗಿ ನೋಡುತ್ತಿದ್ದರು. ಯಾರೂ ಅದನ್ನು ಓಲಗದ ತಪ್ಪು ಎನ್ನಲಿಲ್ಲ. ಓಬಳನೂ ಹಾಗೆಂದುಕೊಳ್ಳಲಿಲ್ಲ.

ಒಂದು ದಿನ ಗೌಡ ಅವನನ್ನು ಕರೆಸಿ ಹೇಳಿದ. “ಆ ಕುದುರೆಯ ನಡೆ ಇನ್ನು ಬೇಡ, ಓಬಳ. ಅದು ಕಿವಿಗೆ ಬಿದ್ದರೆ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.”

ಓಬಳ ಅದನ್ನು ಬಿಟ್ಟ. ಬಿಟ್ಟ ಮೇಲೆ ಅದಕ್ಕೂ ಮುಂಚೆ ಬರುವ ಉದ್ದನೆಯ ಸ್ವರಕ್ಕೆ ಇಳಿಯಲು ಜಾಗವಿಲ್ಲದಾಯಿತು. ಅದು ಗಾಳಿಯಲ್ಲಿ ನೇತಾಡಿಕೊಂಡು ನಿಂತಿತು. ಓಬಳ ಅದನ್ನೂ ಬಿಟ್ಟ. ಆಮೇಲೆ ಒಂದೊಂದಾಗಿ ಉಳಿದವೂ ಸಡಿಲವಾದವು. ಒಂದು ತಿರುವಿನಲ್ಲಿ ಹಗ್ಗ ಎಳೆಯುವವರ ಉಸಿರಿತ್ತು. ಇನ್ನೊಂದು ಇಳಿತದಲ್ಲಿ ದಾರಿಬದಿಯಲ್ಲಿ ಯಾರೋ ಒರಗಿದ ಹಾಗಿತ್ತು. ಮುಗಿಸುವ ಕಡೆ ಬಂಡಿಯೊಂದು ಮೆಲ್ಲಗೆ ನಿಲ್ಲುತ್ತಿತ್ತು. ಚಿಕ್ಕಂದಿನಿಂದ ಊದುತ್ತಿದ್ದ ಓಲಗವೇ ಅದು. ಈಗ ಅದರಲ್ಲಿ ಎಲ್ಲಿ ಕೈಯಿಟ್ಟರೂ ಯಾರೋ ಒಬ್ಬರು ಕೂತಿದ್ದರು.

ನನ್ನದು ಯಾವುದೋ ಅದನ್ನು ಊದೋಣ ಎಂದು ಒಂದು ಮುಂಜಾನೆ ಓಬಳ ಮೌರಿಯನ್ನು ಬಾಯಿಗಿಟ್ಟ. ಹುಡುಕಿದ. ಉಸಿರು ಒಳಗೆ ಹೋಯಿತು, ಉಸಿರಾಗಿಯೇ ಹೊರಗೆ ಬಂದಿತು. ಡೋಲಿನವನು ಕೋಲು ಎತ್ತಿ ಹಿಡಿದು ಕಾದ. ಬಿಸಿಲು ಬಂದು ಓಬಳನ ಕಾಲಿನ ಮೇಲೆ ಬಿದ್ದಿತು. ಊರು ಮಲಗಿಯೇ ಇತ್ತು.

ಓಬಳ ಮೌರಿಯನ್ನು ಮಂಟಪದಲ್ಲೇ ಇಟ್ಟು ಕೆಳಗಿಳಿದ. ಬೆಕ್ಕನ್ನು ಡೋಲಿನವನ ಹೆಂಡತಿಗೆ ಒಪ್ಪಿಸಿದ. ಬಾಗಿಲು ದಾಟಿ ಬಂಡಿ ಹೋದ ದಾರಿ ಹಿಡಿದ.

ಮೊದಲು ಸಿಕ್ಕ ಊರಿನ ಹೊರಗೆ ಅವನು ಮಲಗಿದ್ದಾಗ ಮುಂಜಾನೆ ಮೌರಿ ಕೇಳಿಸಿತು. ಸಿಕ್ಕರು ಎಂದು ಓಡಿದ. ಊದುತ್ತಿದ್ದವಳು ಗಾಣಿಗರ ಹೆಂಗಸು. ಗಾಣದ ಪಕ್ಕದಲ್ಲಿ ಕೂತು ಸೊಟ್ಟ ಕೊಳವೆಯೊಂದರಲ್ಲಿ ಊದುತ್ತಿದ್ದಳು. ಸ್ವರ ಒರಟಾಗಿತ್ತು, ಆದರೆ ಓಲಗ ಅದೇ ಆಗಿತ್ತು.

“ಯಾರು ಕಲಿಸಿದರಮ್ಮ?” ಎಂದು ಓಬಳ ಕೇಳಿದ.

“ಕಲಿಸಲಿಲ್ಲಪ್ಪ. ಬಂಡಿಯಲ್ಲಿ ಒಬ್ಬ ಮುದುಕ ಬಂದಿದ್ದ. ಅವನ ಜೊತೆಯವರು ಊದಿದ್ದು ಕೇಳಿ ನನಗೂ ಊದಬೇಕು ಅನ್ನಿಸಿತು. ನಾನು ಊದಿದೆ, ಮುದುಕ ಕೂತು ಕೇಳಿಸಿಕೊಂಡ. ಮುಂದೆ ಹೋದರು.”

ಓಬಳ ಮುಂದೆ ಹೋದ. ಇನ್ನೊಂದು ಊರಿನಲ್ಲಿ ಕುರಿ ಕಾಯುವವನೊಬ್ಬ ಊದುತ್ತಿದ್ದ. ಕುರಿಗಳು ಮಂಜಿನಿಂದ ಒಂದೊಂದಾಗಿ ಹೊರಗೆ ಬರುತ್ತಿದ್ದವು. ಮತ್ತೊಂದು ಊರಿನಲ್ಲಿ ಊದುವವರು ಯಾರೂ ಇರಲಿಲ್ಲ. ಒಬ್ಬ ನೇಕಾರ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುದುರೆಯ ನಡೆಗೆ ಲಾಳಿ ಓಡಿಸುತ್ತಿದ್ದ. ಎಲ್ಲಿ ಕೇಳಿದರೂ ಬಂದಿದ್ದರು, ಮುಂದೆ ಹೋದರು ಎಂದೇ ಹೇಳಿದರು.

ಓಬಳ ದಿನಗಳ ಲೆಕ್ಕ ಬಿಟ್ಟ. ನಡೆಯುತ್ತಲೇ ನಿದ್ದೆ ಮಾಡಿದ, ನಿದ್ದೆಯಲ್ಲೇ ನಡೆದ. ಕೆಲವು ಸಲ ಕಾಲಿನ ಕೆಳಗೆ ದಾರಿಯೇ ಹಿಂದಕ್ಕೆ ಹರಿಯುತ್ತಿದೆ, ತಾನು ನಿಂತಿದ್ದೇನೆ ಎನಿಸುತ್ತಿತ್ತು. ಕನಸಿನಲ್ಲಿ ಮಣ್ಣಿನ ಕೈಯ ಒಬ್ಬ ಹೆಂಗಸು ಓಡುತ್ತಾ ಬಂದು ಅವನ ಮುಖ ನೋಡಿ, ಇವನಲ್ಲ ಎಂದು ತಿರುಗಿ ಹೋಗುತ್ತಿದ್ದಳು. ಕಾಲು ಮುರಿದ ಸವಾರ ಸ್ವಲ್ಪ ದೂರ ಅವನ ಜೊತೆಗೆ ಕುಂಟುತ್ತಾ ಬಂದ. ನೀನು ಎಲ್ಲಿಯವನು ಎಂದು ಕೇಳಿದ. ಓಬಳ ಊರಿನ ಹೆಸರು ಹೇಳಲು ಹೋದ. ಬಾಯಿಗೆ ಬರಲಿಲ್ಲ.

ಅವನ ಬಟ್ಟೆ ದಾರಿಯ ಬಣ್ಣಕ್ಕೆ ತಿರುಗಿತು. ತಾನು ಯಾರ ಮಗ, ತನಗೆ ಏನೇನು ಸೇರಬೇಕಿತ್ತು ಎಂದು ಮೊದಲು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಕೇಳಿದ ಜನ ಅಯ್ಯೋ ಪಾಪ ಎಂದು ರೊಟ್ಟಿ ಕೊಡುತ್ತಿದ್ದರು. ಬರಬರುತ್ತಾ ಹೇಳುವುದನ್ನು ಬಿಟ್ಟ. ಆಗಲೂ ರೊಟ್ಟಿ ಕೊಟ್ಟರು.

ಕೊನೆಗೆ ಒಂದು ಹೊಳೆಯ ದಂಡೆಗೆ ಬಂದ. ಬೆಳಕು ಇನ್ನೂ ಹರಿದಿರಲಿಲ್ಲ. ನೀರು ಯಾವುದು, ಮಂಜು ಯಾವುದು ಎಂದು ತಿಳಿಯುತ್ತಿರಲಿಲ್ಲ. ಹೊಂಗೆಮರದ ಕೆಳಗೆ ಬಂಡಿ ಬಿಟ್ಟಿತ್ತು. ಎತ್ತುಗಳು ಮಲಗಿದ್ದವು. ಕಾಟಯ್ಯ ಊದುತ್ತಿದ್ದ, ದ್ಯಾಮವ್ವ ಶ್ರುತಿ ಹಿಡಿದಿದ್ದಳು. ಅವರ ನಡುವೆ ಒಂದು ಜಾಗ ಖಾಲಿಯಿತ್ತು. ಮರದ ಬುಡದಲ್ಲಿ ಹೊಸ ಮಣ್ಣಿನ ದಿಬ್ಬವಿತ್ತು. ಅದರ ಮೇಲೆ ಹೊಂಗೆಯ ಹೂವು ಉದುರಿತ್ತು.

ಓಬಳ ದಿಬ್ಬಕ್ಕೆ ಕೈಮುಗಿದ. ದೊಡ್ಡಪ್ಪನಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನು ಅಲ್ಲೇ ಬಿಟ್ಟ. ಸ್ವಲ್ಪ ದೂರದಲ್ಲಿ ನಿಂತ.

ಓಲಗ ಒಂದು ತಿರುವಿಗೆ ಬಂದು ನಿಂತಿತು. ಕಾಟಯ್ಯ ತಲೆಯೆತ್ತಿ ನೋಡಿದ. ಗುರುತು ಹಿಡಿದ. ಆದರೆ ಹೆಸರು ಹಿಡಿದು ಕರೆಯಲಿಲ್ಲ.

“ಯಾರಪ್ಪ?” ಎಂದ.

“ದಾರಿಹೋಕ, ಅಣ್ಣ” ಎಂದ ಓಬಳ. “ಓಲಗ ಕೇಳಿಸಿತು. ಇಲ್ಲಿ ಸ್ವಲ್ಪ ಹೊತ್ತು ಕೂರಲೇ?”

ಕಾಟಯ್ಯ ಪಾಲಯ್ಯನ ಮೌರಿಯನ್ನು ಅವನ ಕಡೆಗೆ ಚಾಚಿದ. ಓಬಳ ಕೈ ಹಿಂದೆ ತೆಗೆದುಕೊಂಡ. “ನನಗೆ ಊದಲು ಬರುವುದಿಲ್ಲ” ಎಂದ. ಅದನ್ನು ಅವನು ಮುನಿಸಿನಿಂದ ಹೇಳಲಿಲ್ಲ.

ದ್ಯಾಮವ್ವ ಸರಿದು ಜಾಗ ಮಾಡಿದಳು. ಸೆರಗಿನಿಂದ ಅವನ ಮುಖದ ಧೂಳು ಒರೆಸಿದಳು. ಶ್ರುತಿಯ ಕೊಳವೆಯನ್ನು ಅವನ ಕೈಗೆ ಕೊಟ್ಟಳು.

“ಇದನ್ನು ಹಿಡಿ. ಉಸಿರು ಕಡಿಯದ ಹಾಗೆ ಹಿಡಿ, ಸಾಕು.”

ಓಬಳ ಹಿಡಿದ. ಒಂದೇ ಸ್ವರ. ಕಾಟಯ್ಯ ಅದರ ಮೇಲೆ ಊದಿದ. ಮೂಗನ ದನಿ ಬಂದಿತು, ಕುದುರೆ ಬಂದಿತು, ಹಗ್ಗ ಎಳೆಯುವವರು ಬಂದರು. ಓಬಳನ ಕಣ್ಣಿನಿಂದ ನೀರು ಇಳಿಯಿತು. ಉಸಿರು ಕಡಿಯಬಾರದೆಂದು ಅವನು ಬಿಕ್ಕಲೂ ಇಲ್ಲ, ಒರೆಸಿಕೊಳ್ಳಲೂ ಇಲ್ಲ. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಆಚೆ ದಂಡೆಯಲ್ಲಿ ಯಾರೋ ಕೊಡ ಮುಳುಗಿಸಿದ ಸದ್ದು ಕೇಳಿಸಿತು.

ಅಗಸೆಬಾಗಿಲಿನಲ್ಲಿ ಮತ್ತೆ ಓಲಗ ಕೂರಲಿಲ್ಲ. ಗೌಡ ಹೊಲವನ್ನು ಬೇರೆಯವರಿಗೆ ಕೊಟ್ಟ. ಊರಿನವರು ಕೋಳಿ ಕೂಗಿದರೆ ಏಳುವುದನ್ನು ಕಲಿತರು.

ಓಬಳ ಬಂಡಿಯ ಜೊತೆಗೆ ಊರೂರು ತಿರುಗಿದ. ಬಹಳ ವರ್ಷ ಶ್ರುತಿಯನ್ನೇ ಹಿಡಿದ. ದ್ಯಾಮವ್ವ ಅವನ ತೊಡೆಯ ಮೇಲೆ ತಲೆಯಿಟ್ಟು ತೀರಿಕೊಂಡಳು. ಕಾಟಯ್ಯನಿಗೆ ಉಸಿರು ಕಡಿಮೆಯಾದ ಕಾಲಕ್ಕೆ ಮುಂದಿನ ಮೌರಿ ಓಬಳನ ಕೈಗೆ ಬಂದಿತು. ಕಾಟಯ್ಯ ಪದ್ಧತಿಯಂತೆ ಅವನ ಕಿವಿಯಲ್ಲಿ ಹಿಂದಿನವರ ಹೆಸರುಗಳನ್ನು ಹೇಳಿದ. ಕಲ್ಲು ಏರಿಸಿದ ಬೊಮ್ಮಯ್ಯ, ಕುಂಬಾರಗೇರಿಯ ಮುದ್ದಯ್ಯ, ದಂಡಿನ ಸಿದ್ದಯ್ಯ, ಬರದ ಕೂಸು ಹಿರೇಪಾಲಯ್ಯ, ಹೊಲ ಬಿಟ್ಟು ಬಂದ ಪಾಲಯ್ಯ, ಉಪ್ಪಿನ ಬಂಡಿಯ ಕಾಟಯ್ಯ. ಆಮೇಲೆ ಓಬಳನ ಹೆಸರನ್ನೂ ಸೇರಿಸಿದ. ಹೊಳೆಯ ದಂಡೆಯಲ್ಲಿ ಬಂದು ಸೇರಿದ ಓಬಳ ಎಂದ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಗುರುಗಳೇ ಎನ್ನುವುದನ್ನು ಮರೆತು ಕೇಳಿದ.

“ಆದರೆ ಮಾವ, ನಾನು ತೆವಳುವಾಗಿನಿಂದ ಇಲ್ಲಿಯೇ ಇದ್ದೇನಲ್ಲ?”

“ಇದ್ದೀಯ ಮಗು, ಇನ್ನೂ ಬಂದಿಲ್ಲ” ಎಂದರು ಗುರು.